ದೊಡ್ಡದೊಂದು ಹಾರ್ಡ್ ಡಿಸ್ಕ್ ಸಾಲದು, ಊರಲ್ಲೂ ಒಂದಿರಲಿ

ದಸರಾ, ದೀಪಾವಳಿಯ ಆನ್‌ಲೈನ್ ಮಾರಾಟ ಶುರುವಾಯಿತೆಂದರೆ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಮನೆಗೆ ಹಾರ್ಡ್ ಡಿಸ್ಕ್ ತಗೋಬೇಕು, 4 ಟಿಬಿ ಸಾಕಾ, 8 ಟಿಬಿನೇ ತಗೊಳ್ಳಲಾ?’ ಪುಣೆಯ ಗುಂಪಾಗಲಿ, ಹೈದರಾಬಾದಿನದಾಗಲಿ, ಉತ್ತರವೂ ಒಂದೇ ಥರ. ‘ಹೇಗೂ ತಗೋತೀರಿ, ದೊಡ್ಡದೇ ತಗೊಳ್ಳಿ, ಟಿಬಿ ಲೆಕ್ಕದಲ್ಲಿ ಅಗ್ಗ ಬೀಳುತ್ತೆ.’

ಈ ಸಲಹೆಯ ಲೆಕ್ಕ ತಪ್ಪಲ್ಲ. ಆದರೆ ಮನೆಯ ಫೋಟೊ, ವಿಡಿಯೊ, ಕಾಗದಪತ್ರ ಇಡಲು ಡಿಸ್ಕ್ ಕೊಳ್ಳುವವರು ಎಷ್ಟು ಟಿಬಿ ಎಂದು ಕೇಳುವ ಮೊದಲು ಎಷ್ಟು ಊರಲ್ಲಿ ಎಂದು ಕೇಳಿಕೊಳ್ಳಬೇಕು. ಹೊರರಾಜ್ಯದಲ್ಲಿ ದುಡಿಯುವ ನಮಗೆ ಈ ಪ್ರಶ್ನೆಯ ಉತ್ತರ ಕೈಯಳತೆಯಲ್ಲೇ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಎರಡು ಮನೆ: ಇಲ್ಲಿ ಬಾಡಿಗೆಯದೋ ಸಾಲದ್ದೋ ಒಂದು ಫ್ಲ್ಯಾಟ್, ಅಲ್ಲಿ ಊರಮನೆ. 8 ಟಿಬಿಯ ಒಂದು ಡಿಸ್ಕಿನ ಬದಲು 4 ಟಿಬಿಯ ಎರಡು ಕೊಂಡು, ಒಂದನ್ನು ಇಲ್ಲಿಟ್ಟುಕೊಂಡು ಇನ್ನೊಂದನ್ನು ಊರಿನ ಬೀರುವಿನಲ್ಲಿಡಿ ಎಂಬುದು ನನ್ನ ವಾದ.

ಮನೆತನದ ದಫ್ತರ ಈಗ ಯಾರ ಬಳಿ?

ಹಿಂದೆ ಊರಮನೆಯ ಪಡಸಾಲೆಯ ಗೋಡೆ ತುಂಬ ಕಟ್ಟು ಹಾಕಿಸಿದ ಫೋಟೊಗಳಿರುತ್ತಿದ್ದವು. ಮದುವೆ ಆಲ್ಬಂ, ಜಮೀನಿನ ಕಾಗದ, ಜಾತಕ ಎಲ್ಲ ಒಂದೇ ಟ್ರಂಕಿನಲ್ಲಿ. ಕೆಲಸಕ್ಕೆಂದು ಹೊರಗೆ ಹೋದವರು ಒಂದೆರಡು ಫೋಟೊ ಪರ್ಸಿನಲ್ಲಿಟ್ಟುಕೊಂಡು ಹೋಗುತ್ತಿದ್ದರೇ ಹೊರತು ದಫ್ತರ ಊರಲ್ಲೇ ಉಳಿಯುತ್ತಿತ್ತು.

ಈಗ ಅದು ಬುಡಮೇಲಾಗಿದೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಫೋನ್ ‘ಜಾಗ ಇಲ್ಲ’ ಎನ್ನುತ್ತಿರುತ್ತದೆ. ಕಂಪ್ಯೂಟರ್ ಗೊತ್ತಿರುವ ಮಗನೋ ಮಗಳೋ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡು ಫೋನನ್ನು ಖಾಲಿ ಮಾಡಿಕೊಡುತ್ತಾರೆ. ಅತ್ತಿಗೆಯ ಸೀಮಂತದ ವಿಡಿಯೊ, ತಾತನ ಕೊನೆಯ ವರ್ಷದ ಚಿತ್ರಗಳು, ಅಜ್ಜಿ ಹಾಡಿದ ಸೋಬಾನೆ ಪದ ಎಲ್ಲ ರಾತ್ರಿ ಬಸ್ಸಿನಲ್ಲಿ ನಮ್ಮ ಜೊತೆ ಊರು ಬಿಡುತ್ತವೆ. ‘ನಿಮಗೂ ಕಳಿಸ್ತೀನಿ’ ಎಂದು ಹೇಳಿರುತ್ತೇವೆ. ಕಳಿಸುವುದು ವಾಟ್ಸ್‌ಆ್ಯಪಿನಲ್ಲಿ, ಅದೂ ನಾಲ್ಕಾರು. ವಾಟ್ಸ್‌ಆ್ಯಪ್ ಮಾಮೂಲಾಗಿ ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ. ಫೋನಿನಲ್ಲಿ ನೋಡಲು ಅದು ಚೆನ್ನ. ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವಾಗ ಮುಖ ಮಸುಕು.

ಹೀಗೆ ಯಾರೂ ತೀರ್ಮಾನ ಮಾಡದೆಯೇ ಇಡೀ ಮನೆತನದ ಮೂಲಪ್ರತಿಗಳು ನಮ್ಮ ವಶಕ್ಕೆ ಬಂದಿವೆ. ಆದ್ದರಿಂದ ಡಿಸ್ಕಿನ ಆಯ್ಕೆಯೂ ನಮ್ಮೊಬ್ಬರ ಅನುಕೂಲದ ವಿಚಾರವಾಗಿ ಉಳಿದಿಲ್ಲ.

ಎಷ್ಟು ಬೇಕು?

ಕೊಳ್ಳುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಫೋನಿನ ಒಂದು ಫೋಟೊ ಸರಾಸರಿ 4 ಎಂಬಿ ಎಂದುಕೊಂಡರೆ 50,000 ಫೋಟೊಗಳಿಗೆ 200 ಜಿಬಿ. 4ಕೆ ವಿಡಿಯೊಗೆ ಫೋನಿನ ಸೆಟ್ಟಿಂಗ್ ನೋಡಿಕೊಂಡು ನಿಮಿಷಕ್ಕೆ 170ರಿಂದ 400 ಎಂಬಿ ಬೇಕು. 350 ಎಂದು ಹಿಡಿದರೆ ಗಂಟೆಗೆ 21 ಜಿಬಿ, 40 ಗಂಟೆಗೆ 840 ಜಿಬಿ. ಹಳೆಯ ಮದುವೆ, ಉಪನಯನಗಳ 30 ಡಿವಿಡಿಗಳು ತುಂಬಿದ್ದರೂ ತಲಾ 4.7 ಜಿಬಿಯಂತೆ 141 ಜಿಬಿ. ಅದಕ್ಕೂ ಹಿಂದಿನ ಮಿನಿ ಡಿವಿ ಕ್ಯಾಸೆಟ್ಟುಗಳಿದ್ದರೆ ಗಂಟೆಗೆ ಸುಮಾರು 13 ಜಿಬಿ, ಹತ್ತಕ್ಕೆ 130. ಸ್ಕ್ಯಾನ್ ಮಾಡಿದ ಕಾಗದಪತ್ರಗಳು ಈ ರಾಶಿಯಲ್ಲಿ ಲೆಕ್ಕಕ್ಕೇ ಇಲ್ಲ. ಎಲ್ಲ ಕೂಡಿದರೆ ಸುಮಾರು 1.3 ಟಿಬಿ. ಮುಂದಿನ ಐದಾರು ವರ್ಷಕ್ಕೆಂದು ಇಮ್ಮಡಿ ಮಾಡಿದರೂ 3 ಟಿಬಿ ದಾಟುವುದಿಲ್ಲ. ಬಹುಪಾಲು ಕುಟುಂಬಗಳಿಗೆ 4 ಟಿಬಿ ಧಾರಾಳ.

8 ಟಿಬಿ ಬೇಕು ಎನ್ನುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿನಿಮಾಗಳಿರುತ್ತವೆ. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಮತ್ತೆ ಸಿಗದವುಗಳನ್ನಷ್ಟೇ ಈ ಲೆಕ್ಕಕ್ಕೆ ತೆಗೆದುಕೊಳ್ಳಿ. ಮದುವೆ ಛಾಯಾಗ್ರಾಹಕರು, ಯೂಟ್ಯೂಬ್ ವಿಡಿಯೊ ಮಾಡುವವರು ಬೇರೆ; ಅವರಿಗೆ ನಿಜಕ್ಕೂ ದೊಡ್ಡದು ಬೇಕು. ಆದರೆ ಅವರಿಗೂ ದೊಡ್ಡದು ಎರಡು ಬೇಕು.

ಇನ್ನೊಂದು ಮಾತು. 4 ಟಿಬಿ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದಾಗ 3.63 ಟಿಬಿ ಎಂದು ತೋರಿಸಿದರೆ ಅಂಗಡಿಯವನೊಂದಿಗೆ ಜಗಳ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ.

ಒಂದೇ ಮನೆಯಲ್ಲಿದ್ದರೆ ಏನು ಕಷ್ಟ?

ಹಾರ್ಡ್ ಡಿಸ್ಕ್ ಎಂದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರ. ಇವತ್ತಲ್ಲ ನಾಳೆ ಅದು ನಿಲ್ಲುತ್ತದೆ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನ ಡೇಟಾ ಕೇಂದ್ರಗಳಲ್ಲಿ ಓಡುವ ಲಕ್ಷಾಂತರ ಡಿಸ್ಕ್‌ಗಳ ಲೆಕ್ಕವನ್ನು ಬಹಿರಂಗವಾಗಿ ಕೊಡುತ್ತ ಬಂದಿದೆ. 2024ರಲ್ಲಿ ಅವುಗಳ ವಾರ್ಷಿಕ ವೈಫಲ್ಯದ ಪ್ರಮಾಣ ಶೇ 1.57. ನೂರು ಡಿಸ್ಕ್ ವರ್ಷವಿಡೀ ಓಡಿದರೆ ಒಂದೂವರೆ ಕೆಡುತ್ತದೆ ಎಂದಾಯಿತು. ಅದು ಹವಾನಿಯಂತ್ರಿತ ಕೋಣೆಯ ಲೆಕ್ಕ. ನಮ್ಮ ಮನೆಗಳಲ್ಲಿ ಧೂಳು, ಸೆಕೆ, ಮೇಜಿನಿಂದ ಬೀಳಿಸುವ ಮಕ್ಕಳು ಎಲ್ಲ ಇವೆ. ಆದರೂ ಅದೇ ಪ್ರಮಾಣ ಹಿಡಿದರೂ ಬೇರೆ ಬೇರೆ ಊರಿನ ಎರಡು ಡಿಸ್ಕ್ ಒಂದೇ ವರ್ಷ ಕೆಡುವ ಸಾಧ್ಯತೆ ನಾಲ್ಕು ಸಾವಿರಕ್ಕೆ ಒಂದರಷ್ಟು. ಒಂದು ಕೆಟ್ಟಾಗ ಇನ್ನೊಂದರಿಂದ ಹೊಸ ಪ್ರತಿ ಮಾಡಿಕೊಳ್ಳಬಹುದು. ಮೂರು ವರ್ಷದ ವಾರಂಟಿ ಇದೆ ಎಂದು ಸಮಾಧಾನಪಡುವವರಿದ್ದಾರೆ. ವಾರಂಟಿಯಲ್ಲಿ ಹೊಸ ಡಿಸ್ಕ್ ಸಿಗುತ್ತದೆ, ಹಳೆಯ ಫೋಟೊ ಸಿಗುವುದಿಲ್ಲ. ಕೆಟ್ಟ ಡಿಸ್ಕಿನಿಂದ ದತ್ತಾಂಶ ತೆಗೆದುಕೊಡುವವರಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕಾಗುತ್ತದೆ, ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇರುವುದಿಲ್ಲ.

‘ಎರಡು ಡಿಸ್ಕ್ ಹಾಕಿದ ನ್ಯಾಸ್ ಪೆಟ್ಟಿಗೆ ಇಟ್ಟಿದ್ದೇನೆ, ಒಂದು ಹೋದರೆ ಇನ್ನೊಂದಿದೆ’ ಎನ್ನುತ್ತಾರೆ ಐಟಿ ಗೆಳೆಯರು. ಆ ಪೆಟ್ಟಿಗೆ ಅನುಕೂಲದ್ದು ನಿಜ. ಆದರೆ ಅದರಲ್ಲಿ ಒಂದು ಡಿಸ್ಕಿಗೆ ಆಗಿದ್ದು ತಕ್ಷಣ ಇನ್ನೊಂದಕ್ಕೂ ಆಗುತ್ತದೆ. ಮಗು ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯಿತು. ವೈರಸ್ ಹೊಕ್ಕು ಫೈಲುಗಳಿಗೆ ಬೀಗ ಜಡಿದರೆ ಎರಡಕ್ಕೂ ಬೀಗ. ಕಳ್ಳ ಬಂದರೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ.

ಇನ್ನು ನೀರು. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳಿಗೆ ನೀರು ನುಗ್ಗಿತು. ಊರೇನೂ ಸುರಕ್ಷಿತವಲ್ಲ; 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು, 2019ರಲ್ಲಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳು ಪ್ರವಾಹಕ್ಕೆ ಸಿಕ್ಕವು. ಈ ಪಟ್ಟಿಯಲ್ಲಿ ನಮ್ಮ ಎರಡೂ ನೆಲೆಗಳಿವೆ. ಆದರೆ ಚೆನ್ನೈ ಮುಳುಗಿದ ದಿನ ಚಿಕ್ಕಮಗಳೂರಿನ ಬೀರುವಿಗೆ ನೀರು ಬಂದಿರಲಿಲ್ಲ. ದೂರವನ್ನು ನಾವು ಯಾವಾಗಲೂ ಶಾಪ ಎಂದುಕೊಳ್ಳುತ್ತೇವೆ. ಈ ಒಂದು ವಿಷಯದಲ್ಲಿ ಮಾತ್ರ ಅದು ನಮ್ಮ ಪರ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಎಂಬ ನಿಯಮವೂ ಇದನ್ನೇ ಹೇಳುತ್ತದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ದೊಡ್ಡ ಕಂಪನಿಗಳು ಈ ಬೇರೆ ಜಾಗಕ್ಕಾಗಿ ಬಾಡಿಗೆ ಕೊಡುತ್ತವೆ. ನಮಗೆ ಅಪ್ಪ ಅಮ್ಮ ಪುಕ್ಕಟೆ ಇಟ್ಟುಕೊಳ್ಳುತ್ತಾರೆ.

ಯಾವ ಬಗೆ?

ಹೊರಗಿನಿಂದ ಸಿಕ್ಕಿಸುವ ಡಿಸ್ಕ್‌ಗಳಲ್ಲಿ ಎರಡು ಜಾತಿ. 2.5 ಇಂಚಿನ ಚಿಕ್ಕದು ಯುಎಸ್‌ಬಿ ತಂತಿಯಿಂದಲೇ ಕರೆಂಟ್ ಪಡೆಯುತ್ತದೆ. 3.5 ಇಂಚಿನ ದೊಡ್ಡದಕ್ಕೆ ಬೇರೆ ಅಡಾಪ್ಟರ್ ಬೇಕು. 8 ಟಿಬಿ ಬೇಕೆಂದರೆ ದೊಡ್ಡ ಜಾತಿಗೇ ಹೋಗಬೇಕು. ಊರಿಗೂ ಇಲ್ಲಿಗೂ ಓಡಾಡಬೇಕಾದ ಡಿಸ್ಕ್ ಚಿಕ್ಕದಿದ್ದರೆ ಒಳ್ಳೆಯದು. ಅಡಾಪ್ಟರ್ ಮರೆತು ಹೋಗುವ ಭಯವಿಲ್ಲ. ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಕೆಲಸ ನಡೆಯುತ್ತದೆ.

ಸಿಎಂಆರ್, ಎಸ್‌ಎಂಆರ್ ಎಂಬ ಎರಡು ಹೆಸರು ಕಿವಿಗೆ ಬಿದ್ದಿರಬಹುದು. ಮಂಗಳೂರು ಹೆಂಚಿನ ಮಾಡು ನೆನಪಿಸಿಕೊಳ್ಳಿ. ಹೆಂಚುಗಳು ಒಂದರ ಮೇಲೊಂದು ಅಂಚು ಹೊದ್ದು ಕೂತಿರುತ್ತವೆ. ನಡುವಿನದೊಂದನ್ನು ಬದಲಿಸಲು ಅದರ ಮೇಲೆ ಕೂತದ್ದನ್ನೂ ಎತ್ತಬೇಕು. ಎಸ್‌ಎಂಆರ್ ಡಿಸ್ಕಿನಲ್ಲಿ ದತ್ತಾಂಶದ ಪಟ್ಟಿಗಳು ಹೀಗೇ ಒಂದರ ಮೇಲೊಂದು ಹೊದ್ದಿರುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ, ಆದರೆ ಪದೇ ಪದೇ ತಿದ್ದಿ ಬರೆಯುವ ಕೆಲಸಕ್ಕೆ ನಿಧಾನ. ಸಿಎಂಆರ್‌ನಲ್ಲಿ ಪಟ್ಟಿಗಳು ಬಿಡಿಬಿಡಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ನ್ಯಾಸ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇರುವುದನ್ನು ಮೊದಲು ಹೇಳಿರಲಿಲ್ಲ ಎಂದು ದೊಡ್ಡ ಗದ್ದಲವಾಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳಿಗೆ ‘ರೆಡ್ ಪ್ಲಸ್’ ಎಂದು ಪ್ರತ್ಯೇಕ ಹೆಸರು ಕೊಟ್ಟಿತು. ನ್ಯಾಸ್ ಪೆಟ್ಟಿಗೆಗೆ ಕೊಳ್ಳುವವರು ಸಿಎಂಆರ್ ಎಂದು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಬೀರುವಿನಲ್ಲಿಡುವ ಪ್ರತಿಗೆ ಈ ತಲೆಬಿಸಿ ಬೇಡ. ಚಿಕ್ಕ ಡಿಸ್ಕ್‌ಗಳಲ್ಲಿ ಹೆಚ್ಚು ಟಿಬಿಯವು ಬಹುತೇಕ ಎಸ್‌ಎಂಆರೇ. ಒಮ್ಮೆ ಬರೆದು ವರ್ಷಕ್ಕೆರಡು ಸಲ ಸೇರಿಸುವ ಕೆಲಸಕ್ಕೆ ಅದು ಸಾಕು.

ಎಸ್‌ಎಸ್‌ಡಿ ವೇಗದ್ದು, ಬಿದ್ದರೆ ಬೇಗ ಕೆಡುವುದಿಲ್ಲ. ಆದರೆ ಟಿಬಿ ಲೆಕ್ಕದಲ್ಲಿ ದುಬಾರಿ. ಜೊತೆಗೆ ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಸುಮ್ಮನಿಡಲು ಅದು ತಕ್ಕದ್ದಲ್ಲ. ‘16 ಟಿಬಿ ಎಸ್‌ಎಸ್‌ಡಿ, ಎರಡು ಸಾವಿರ ರೂಪಾಯಿ’ ಎಂಬ ಜಾಹೀರಾತು ಕಂಡರೆ ಆ ಕಡೆ ತಲೆಹಾಕಬೇಡಿ. ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಇಟ್ಟು ಕಂಪ್ಯೂಟರಿಗೆ ಸುಳ್ಳು ಗಾತ್ರ ತೋರಿಸುವ ಮೋಸ ಅದು. ತುಂಬಿಸುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ತೆರೆಯುವಾಗ ಏನೂ ಇರುವುದಿಲ್ಲ. ಯಾವುದೇ ಹೊಸ ಡಿಸ್ಕ್ ಬಂದಾಗ ಅದರ ಸೀರಿಯಲ್ ನಂಬರನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶದಿಂದ ಗಾತ್ರ ನಿಜವೇ ಎಂದು ಪರೀಕ್ಷಿಸಿ.

ಎರಡು ಡಿಸ್ಕನ್ನೂ ಒಂದೇ ದಿನ, ಒಂದೇ ಕಂಪನಿಯಿಂದ ಕೊಳ್ಳದಿರುವುದು ಜಾಣತನ. ಒಂದೇ ಕಂತಿನಲ್ಲಿ ತಯಾರಾದವಕ್ಕೆ ಒಂದೇ ದೋಷ ಇರಬಹುದು. ಮನೆಯಲ್ಲಿ ಮ್ಯಾಕ್, ವಿಂಡೋಸ್ ಎರಡೂ ಇದ್ದರೆ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಮಾಮೂಲಾಗಿ ಬರೆಯಲು ಬಿಡುವುದಿಲ್ಲ.

ಕ್ಲೌಡ್ ಇದೆಯಲ್ಲ?

ಇದೆ, ಇರಲಿ. ಅದು ಮೂರನೆಯ ಪ್ರತಿ. ಅದೊಂದನ್ನೇ ನೆಚ್ಚುವುದು ಬೇಡ. ಗೂಗಲ್ ಫೋಟೋಸ್‌ನಲ್ಲಿ ‘ಹೈ ಕ್ವಾಲಿಟಿ’ ಚಿತ್ರಗಳಿಗೆ ಇದ್ದ ಅಪರಿಮಿತ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ ಉಚಿತವಾಗಿ ಸಿಗುತ್ತಿದ್ದ ಜಾಗ 15 ಜಿಬಿ. ಮೇಲಿನ ಲೆಕ್ಕದಲ್ಲಿ ಅದು ಒಂದು ಗಂಟೆಯ ವಿಡಿಯೊಗೂ ಸಾಲದು. ದುಡ್ಡು ಕೊಟ್ಟರೆ ಜಾಗ ಉಂಟು, ಆದರೆ ಅದು ಬಾಡಿಗೆ ಮನೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರಲ್ಲಿ ತಂದಿದೆ. ಖಾತೆಯ ಒಡೆಯ ತೀರಿಕೊಂಡು ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೆ ಏನಾದೀತೆಂದು ಯೋಚಿಸಿ.

ವೇಗದ ಮಾತೂ ಇದೆ. 4 ಟಿಬಿಯನ್ನು 50 ಎಂಬಿಪಿಎಸ್ ವೇಗದಲ್ಲಿ ಮೇಲೇರಿಸಲು ಒಂದು ನಿಮಿಷವೂ ನಿಲ್ಲದೆ ಏಳು ದಿನಕ್ಕೂ ಹೆಚ್ಚು ಬೇಕು. ಅಷ್ಟನ್ನೇ ತುಂಬಿದ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಮುಂಬೈನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು 24 ಗಂಟೆಗೆ ಬೆಂಗಳೂರು. ಲೆಕ್ಕ ಹಾಕಿದರೆ ಸೆಕೆಂಡಿಗೆ 370 ಎಂಬಿಪಿಎಸ್ ವೇಗ!

ಹೇಗೆ ನಡೆಸುವುದು?

ಅಪ್ಪ ಅಮ್ಮನಿಗೆ ಇದೆಲ್ಲ ತೊಂದರೆ ಎಂಬ ಆಕ್ಷೇಪ ಬರಬಹುದು. ಅವರು ಮಾಡಬೇಕಾದದ್ದು ಏನೂ ಇಲ್ಲ. ಎರಡು ಡಿಸ್ಕಿಗೂ ‘ಒಂದು’, ‘ಎರಡು’ ಎಂದು ಚೀಟಿ ಅಂಟಿಸಿ. ಯುಗಾದಿಗೋ ಗೌರಿ ಹಬ್ಬಕ್ಕೋ ಊರಿಗೆ ಹೋಗುವಾಗ ಇಲ್ಲಿನದಕ್ಕೆ ಹೊಸದನ್ನೆಲ್ಲ ಸೇರಿಸಿ ಒಯ್ಯಿರಿ. ಅಲ್ಲಿನದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಂದಿಪ್ಪತ್ತು ಫೈಲು ತೆರೆದು ನೋಡಿ. ಅಮ್ಮನ ಫೋನಿನಲ್ಲಿರುವುದನ್ನು ಎರಡಕ್ಕೂ ಹಾಕಿ, ಎರಡನ್ನೂ ಸರಿದೂಗಿಸಿ. ಫ್ರೀಫೈಲ್‌ಸಿಂಕ್‌ನಂಥ ಉಚಿತ ತಂತ್ರಾಂಶ ಯಾವುದರಲ್ಲಿ ಏನಿಲ್ಲ ಎಂದು ತೋರಿಸುತ್ತದೆ. ಆಮೇಲೆ ಒಂದನ್ನು ಅಲ್ಲಿ ಬಿಟ್ಟು ಇನ್ನೊಂದನ್ನು ತನ್ನಿ. ವಿಮಾನದಲ್ಲಿ ಹೋಗುವವರು ಡಿಸ್ಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಎರಡೂ ಒಂದೇ ಸೂರಿನಡಿ ಇರುವ ಆ ಕೆಲವು ದಿನಗಳಿಗೂ ಮುಖ್ಯವಾದವುಗಳ ಒಂದು ಪ್ರತಿ ಕ್ಲೌಡ್‌ನಲ್ಲಿದ್ದರೆ ನೆಮ್ಮದಿ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವ ದೊಡ್ಡ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಟ್ಟ ಚೀಲಗಳೊಂದಿಗೆ ಇಡಿ. ಗುಡುಗು ಸಿಡಿಲಿನ ಕಾಲದಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ. ಐದಾರು ವರ್ಷಕ್ಕೊಮ್ಮೆ, ಕೆಡಲು ಕಾಯದೆ, ಹೊಸ ಡಿಸ್ಕಿಗೆ ಎಲ್ಲವನ್ನೂ ದಾಟಿಸಿ.

ಮನೆಯ ಫೋಟೊ, ವಿಡಿಯೊಗಳಿಗೆ ಬೀಗ ಹಾಕಬೇಡಿ, ಊರಿನಲ್ಲಿರುವವರು ಟಿ.ವಿ.ಗೆ ಸಿಕ್ಕಿಸಿ ನೋಡುವಂತಿರಲಿ. ಆಧಾರ್, ಪ್ಯಾನ್, ಕ್ರಯಪತ್ರ, ಬ್ಯಾಂಕಿನ ವಿವರಗಳಿಗೆ ಮಾತ್ರ ಬೇರೆ ಫೋಲ್ಡರ್ ಮಾಡಿ ವೆರಾಕ್ರಿಪ್ಟ್‌ನಂಥ ತಂತ್ರಾಂಶದಲ್ಲಿ ಬೀಗ ಹಾಕಿ. ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಎಲ್‌ಐಸಿ ಬಾಂಡುಗಳ ಜೊತೆ ಇಡಿ, ಎಲ್ಲಿದೆಯೆಂದು ಇಬ್ಬರಿಗಾದರೂ ಹೇಳಿ. ಫೋಲ್ಡರುಗಳ ಹೆಸರು ‘ನ್ಯೂ ಫೋಲ್ಡರ್ 7’ ಎಂದಿರದೆ ‘2019 ಗೃಹಪ್ರವೇಶ’ ಎಂದಿರಲಿ, ಕನ್ನಡದಲ್ಲೇ ಇದ್ದರೂ ನಡೆಯುತ್ತದೆ.

ಮನೆ ಹಿಸ್ಸೆಯಾಗುವಾಗ ಪಾತ್ರೆಗಳನ್ನು ಎಣಿಸಿ ಹಂಚುತ್ತಾರೆ, ಗದ್ದೆಯನ್ನು ಅಳೆದು ಹಂಚುತ್ತಾರೆ. ಒಬ್ಬರಿಗೆ ಹೆಚ್ಚು ಹೋದರೆ ಇನ್ನೊಬ್ಬರಿಗೆ ಕಡಿಮೆ. ಈ ಡಿಸ್ಕಿನೊಳಗಿನ ಆಸ್ತಿ ಹಾಗಲ್ಲ. ಎಷ್ಟು ಜನರಿಗೆ ಕೊಟ್ಟರೂ ಎಲ್ಲರಿಗೂ ಪೂರ್ತಿ ಪಾಲು. ಊರಲ್ಲೇ ಉಳಿದು ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವ ಅಣ್ಣನಿಗೋ ತಂಗಿಗೋ ಆ ಪಾಲು ಸಿಗದೆ, ಎಲ್ಲವೂ ದೂರದ ಫ್ಲ್ಯಾಟೊಂದರ ಡ್ರಾಯರಿನಲ್ಲಿ ಕೂತಿರುವುದು ನ್ಯಾಯವಲ್ಲ. ಅವರು ಕೇಳುವುದಿಲ್ಲ, ಏಕೆಂದರೆ ತಮ್ಮಿಂದ ಏನು ಹೋಗಿದೆಯೆಂದು ಅವರಿಗೆ ಗೊತ್ತೇ ಇರುವುದಿಲ್ಲ.

ಈ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆಗೂ ಜಾಗ ಮಾಡಿ. ಊಟವಾದ ಮೇಲೆ ಅದನ್ನು ಟಿ.ವಿ.ಗೆ ಸಿಕ್ಕಿಸಿ, ಎಲ್ಲರೂ ಕೂತು ನೋಡಿ. ಯಾವ ಫೋಟೊದಲ್ಲಿ ಯಾರಿದ್ದಾರೆ ಎಂದು ಹಿರಿಯರು ಹೇಳುವುದನ್ನು ಬರೆದುಕೊಂಡು ಅದನ್ನೂ ಡಿಸ್ಕಿಗೆ ಸೇರಿಸಿ. ಹೊರಡುವಾಗ ಡಿಸ್ಕನ್ನು ಅಲ್ಲೇ ಬಿಟ್ಟು ಬನ್ನಿ.